ರೋಜಾ ಹಿಡಿದ ಮಾಣಿ

ಮಧ್ಯಾಹ್ನದ ಮೂರು ಗಂಟೆಯೆಂಬುದು ಮುಂಬಯಿಯ ಫೋರ್ಟ್ ಭಾಗದ ಉಡುಪಿ ಹೋಟೆಲುಗಳಲ್ಲಿ ಬಿಡುವಿನ ಹೊತ್ತು. ಊಟದ ಗಿರಾಕಿಗಳು ಕಚೇರಿಗಳಿಗೆ ಹಿಂದಿರುಗಿರುತ್ತಾರೆ. ಸಂಜೆಯ ತಿಂಡಿಯವರು ಇನ್ನೂ ಬಂದಿರುವುದಿಲ್ಲ. ಬೆಳಗಿನಿಂದ ನಿಂತೇ ಇದ್ದ ಮಾಣಿಗಳು ಒಳಗಿನ ಬೆಂಚಿನ ಮೇಲೆ ಕುಳಿತು ಉಣ್ಣುವುದು ಆಗಲೇ. ನನ್ನಂಥ ನಿವೃತ್ತ ಕಾರಕೂನನಿಗೆ, ಹಳೆಯ ಅಭ್ಯಾಸಬಲದಿಂದ ವಾರಕ್ಕೆರಡು ದಿನ ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದು ಅದೇ ಮೂಲೆಯ ಮೇಜಿನಲ್ಲಿ ಕಾಫಿ ಕುಡಿದು ಹೋಗುವವನಿಗೆ, ಆ ಹೊತ್ತೇ ಪ್ರಶಸ್ತ. 2025ನೆಯ ಇಸವಿಯ ಮಾರ್ಚ್ ಮೊದಲ ವಾರದಲ್ಲಿ ಹೀಗೆ ಕುಳಿತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಎಲ್ಲ ಮಾಣಿಗಳೂ ಉಣ್ಣುತ್ತಿದ್ದರು. ಒಬ್ಬನು ಮಾತ್ರ ಮೇಜುಗಳನ್ನು ಒರೆಸುತ್ತಿದ್ದನು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದನು.

"ಯಾಕೋ ತಮ್ಮಾ, ಊಟ ಆಯಿತೇನು?" ಎಂದು ಕೇಳಿದೆ.

"ಹಸಿವಿಲ್ರೀ ಕಾಕಾ" ಎಂದನು.

ಮೂರು ದಿನ ಬಿಟ್ಟು ಹೋದಾಗಲೂ ಅದೇ ಉತ್ತರ ಬಂದಿತು. ತುಟಿ ಒಣಗಿತ್ತು, ಕಣ್ಣು ಒಳಗಿಳಿದಿತ್ತು. ಗಲ್ಲಾದ ಮೇಲಿದ್ದ ಧಣಿಗಳು ಕುಂದಾಪುರದ ಕಡೆಯವರು, ಮಾತಿನಲ್ಲಿ ಚುರುಕು. ನನ್ನ ಕಡೆಗೆ ಬಾಗಿ, "ಅವನಿಗೆ ರೋಜಾ ಅಂತೆ ಮಾರಾಯ್ರೆ. ಎಲ್ಲಿಯೋ ಹುಡುಗಿ ಇರಬೇಕು" ಎಂದು ಮೆಲ್ಲಗೆ ಹೇಳಿದರು.

ಹುಡುಗಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ವಾಚಕರಲ್ಲಿ ಅರ್ಧದಷ್ಟು ಜನರ ಯೋಚನೆ ಈಗಾಗಲೇ ಆ ದಾರಿ ಹಿಡಿದಿರಬಹುದು. ನನ್ನದೂ ಅದೇ ದಾರಿ ಹಿಡಿದಿತ್ತು. ಒಬ್ಬ ತರುಣನು ಬೇರೊಂದು ಮತದ ಕಡೆಗೆ ಮುಖ ತಿರುಗಿಸಿದನೆಂದರೆ ಹೆಣ್ಣು, ಹಣ, ಇಲ್ಲವೇ ಬೆದರಿಕೆ, ಈ ಮೂರರ ಹೊರತು ನಾಲ್ಕನೆಯ ಕಾರಣವಿದ್ದೀತೆಂದು ನಮಗೆ ತೋರುವುದೇ ಇಲ್ಲ.

ಈ ತರುಣನ ಹೆಸರನ್ನು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಊರು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿ, ವಯಸ್ಸು ಇಪ್ಪತ್ತನಾಲ್ಕು. ತಂದೆಯಿಲ್ಲ. ಊರಲ್ಲಿ ತಾಯಿ, ಮದುವೆಗೆ ಬಂದ ತಂಗಿ, ಮಳೆಯನ್ನು ನಂಬಿದ ಎರಡೆಕರೆ ಹೊಲ. ಮನೆತನ ಲಿಂಗಾಯತರದು. ಕೊರಳಲ್ಲಿ ಅಂಗಿಯೊಳಗೆ ಚಿಕ್ಕ ಬೆಳ್ಳಿಯ ಕರಡಿಗೆ. ಅದರಲ್ಲಿ ಅಯ್ಯನವರು ಕಟ್ಟಿದ ಲಿಂಗ. ಆರು ವರ್ಷಗಳ ಹಿಂದೆ ಮುಂಬಯಿಗೆ ಬಂದು, ಮೊದಲು ಗ್ಲಾಸು ತೊಳೆದು, ಆಮೇಲೆ ಮೇಜು ಒರೆಸಿ, ಈಗ ಮಾಣಿಯಾಗಿದ್ದಾನೆ. ನಮ್ಮ ಕಾಲದಲ್ಲಿ ಇಂಥ ಹುಡುಗರಿಗೆ ಕನ್ನಡ ರಾತ್ರಿಶಾಲೆಗಳಿದ್ದವು. ಕೆಲಸ ಮುಗಿಸಿ, ಕೈಗೆ ಅಂಟಿದ ಸಾಂಬಾರಿನ ವಾಸನೆಯೊಡನೆ ಬೆಂಚಿನ ಮೇಲೆ ಕುಳಿತು ಪಾಠ ಕೇಳುತ್ತಿದ್ದೆವು. ಈ ಲೇಖಕನು ಎಸ್.ಎಸ್.ಸಿ. ದಾಟಿದ್ದು ಹಾಗೆಯೇ. ಈಗಿನವರಿಗೆ ಮೊಬೈಲು ಇದೆ. ಆದರೆ ಮನಸ್ಸಿನ ಗೊಂದಲ ಹೇಳಿಕೊಳ್ಳಲು ಒಬ್ಬ ಮಾಸ್ತರರಿಲ್ಲ.

ಅವನ ಖೋಲಿ ಮಸ್ಜಿದ್ ಬಂದರ್ ಸ್ಟೇಶನ್ನಿನ ಹತ್ತಿರ. ಆರು ಮಂದಿ ಹೋಟೆಲ್ ಹುಡುಗರು ಪಾಳಿಯಂತೆ ಮಲಗುವ ಜಾಗ. 2024ರ ಮಳೆಗಾಲದಲ್ಲಿ ಅವನಿಗೆ ಡೆಂಗೀ ಜ್ವರ ಬಂದಿತು. ಜೊತೆಯವರು ಕೆಟ್ಟವರಲ್ಲ, ಆದರೆ ಬೆಳಗಿನ ಪಾಳಿಯವನು ಹೊರಟರೆ ರಾತ್ರಿಯವನು ನಿದ್ದೆಯಲ್ಲಿ. ಪಕ್ಕದ ಖೋಲಿಯಲ್ಲಿದ್ದವರು ದಕ್ಷಿಣ ಕನ್ನಡದ ಒಬ್ಬ ಬ್ಯಾರಿ ಗೃಹಸ್ಥರು. ಖರ್ಜೂರದ ಸಗಟು ಅಂಗಡಿಯಲ್ಲಿ ಕೆಲಸ, ಐವತ್ತು ದಾಟಿದ ವಯಸ್ಸು, ಹೆಂಡತಿ ಮಕ್ಕಳು ಊರಲ್ಲಿ. ಗೋಡೆಯಾಚೆ ನರಳಾಟ ಕೇಳಿ ಎದ್ದು ಬಂದು, ಆಸ್ಪತ್ರೆಗೆ ಕರೆದೊಯ್ದು, ಐದು ರಾತ್ರಿ ಮಂಚದ ಪಕ್ಕ ಕುಳಿತರು. ಗಂಜಿ ಕುಡಿಸಿದರು. ಹುಡುಗನು ಮಾಂಸ ಮುಟ್ಟದವನೆಂದು ತಿಳಿದು ಗಂಜಿಗೆ ಬೇರೆ ಪಾತ್ರೆ ಕೊಂಡು ತಂದರು. ಈ ಪಾತ್ರೆಯ ವಿಷಯವನ್ನು ಹುಡುಗನು ನನಗೆ ಎರಡು ಸಲ ಹೇಳಿದನು.

ಆ ಐದು ರಾತ್ರಿಗಳಲ್ಲಿ ಅವರು ಮತದ ಮಾತೆತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಎದ್ದು ವರಾಂಡದ ಮೂಲೆಯಲ್ಲಿ ಟವೆಲ್ ಹಾಸಿ ನಮಾಜು ಮಾಡಿ ಬರುತ್ತಿದ್ದರು, ಅಷ್ಟೇ. ಜ್ವರದ ಮಂಪರಿನಲ್ಲಿ ಹುಡುಗನು ಅದನ್ನೇ ನೋಡುತ್ತಿದ್ದನು. ಗುಣವಾದ ಮೇಲೆ ಕೇಳತೊಡಗಿದವನು ಅವನೇ. ಕುರಾನಿನ ಕನ್ನಡ ಅನುವಾದವೊಂದನ್ನು ಎರವಲು ತಂದು ಓದಿದನು. ಮುಂದೆ 2025ರಲ್ಲಿ ರಂಜಾನ್ ತಿಂಗಳು ಬಂದು, ಮಾರ್ಚ್ 2ರಂದು ನಮ್ಮ ದೇಶದಲ್ಲಿ ಮೊದಲ ಉಪವಾಸ ಆರಂಭವಾದಾಗ, ಯಾರಿಗೂ ಹೇಳದೆ ತಾನೂ ಹಿಡಿದನು.

ಉಪವಾಸ ನಮಗೆ ಹೊಸದಲ್ಲ. ಏಕಾದಶಿಯಂದು ನೀರೂ ಮುಟ್ಟದವರು ನಮ್ಮಲ್ಲಿದ್ದಾರೆ. ಶಿವರಾತ್ರಿಯ ಜಾಗರಣೆ ಇದೆ. ಈ ಹುಡುಗನ ತಾಯಿ ಶ್ರಾವಣ ಸೋಮವಾರಗಳಲ್ಲಿ ಒಪ್ಪತ್ತು ಇರುವವರು. ಆದರೆ ರೋಜಾ ಎಂಬುದರ ಕಟ್ಟು ಬೇರೆ. ಪೂರ್ವದಲ್ಲಿ ಅರುಣೋದಯದ ಮೊದಲ ಬೆಳಕು ಹರಡುವುದರೊಳಗೆ ಸಹರಿಯ ಊಟ ಮುಗಿಯಬೇಕು. ಅಲ್ಲಿಂದ ಸೂರ್ಯಾಸ್ತದವರೆಗೆ ಅನ್ನವಿಲ್ಲ, ನೀರಿಲ್ಲ, ಬೀಡಿಯಿಲ್ಲ. ಮುಂಬಯಿಯ ಮಾರ್ಚ್ ತಿಂಗಳಲ್ಲಿ ಅದು ಸುಮಾರು ಹದಿಮೂರು ತಾಸು. ಹೀಗೆ ಇಪ್ಪತ್ತೊಂಬತ್ತು ಅಥವಾ ಮೂವತ್ತು ದಿನ, ಚಂದ್ರನು ಕಾಣುವವರೆಗೆ. ಹಿಜರಿಯ ಎರಡನೆಯ ವರ್ಷದಲ್ಲಿ, ಎಂದರೆ ಕ್ರಿಸ್ತಶಕ 624ರಲ್ಲಿ, ಇದು ಕಡ್ಡಾಯವಾಯಿತು. ರೋಗಿಗಳಿಗೆ, ಪ್ರಯಾಣಿಕರಿಗೆ ವಿನಾಯಿತಿ ಉಂಟು. ಬಿಟ್ಟ ದಿನಗಳನ್ನು ಆಮೇಲೆ ತುಂಬಿಕೊಡಬೇಕು. ಮರೆತು ತಿಂದರೆ ರೋಜಾ ಮುರಿಯುವುದಿಲ್ಲ. ನೆನಪಾದೊಡನೆ ನಿಲ್ಲಿಸಿ ಮುಂದುವರಿಸಬಹುದು. ನಮ್ಮ ಪಂಚಾಂಗದಲ್ಲಿ ಎರಡೂವರೆ, ಮೂರು ವರ್ಷಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಚಂದ್ರನ ಲೆಕ್ಕವನ್ನು ಸೂರ್ಯನ ಲೆಕ್ಕಕ್ಕೆ ಸರಿಹೊಂದಿಸುತ್ತಾರೆ. ಅವರಲ್ಲಿ ಆ ಹೊಂದಾಣಿಕೆಯಿಲ್ಲ. ವರ್ಷಕ್ಕೆ 354 ದಿನಗಳಾದ್ದರಿಂದ ರಂಜಾನು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಇದನ್ನು ಮನೆಯಲ್ಲಿ ಕುಳಿತು ಆಚರಿಸುವುದು ಒಂದು. ಹೋಟೆಲಿನಲ್ಲಿ ನಿಂತು ಆಚರಿಸುವುದು ಇನ್ನೊಂದು. ಬೆಳಗಿನ ಇಡ್ಲಿಯ ಹಬೆ, ಹತ್ತು ಗಂಟೆಗೆ ಒಗ್ಗರಣೆಯ ಘಾಟು, ಮಧ್ಯಾಹ್ನ ತುಪ್ಪ ಬಿದ್ದ ಅನ್ನದ ಪರಿಮಳ. ಗಿರಾಕಿಯು ಅರ್ಧ ಕುಡಿದು ಬಿಟ್ಟ ಮಜ್ಜಿಗೆಯ ಲೋಟ, ಮೇಲೆ ನೀರ ಹನಿಗಳೊಡನೆ, ನಿಮ್ಮ ಕೈಯಲ್ಲಿಯೇ ಇರುತ್ತದೆ. ಈ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮೂರು ದಿನ ತಲೆನೋವು ಬಂದಿತಂತೆ; ಅದು ಹಸಿವಿನದಲ್ಲ, ಕಾಫಿಯದು.

ನಾಲ್ಕನೆಯ ದಿನ ಅವನು ಸೋತನು. ಸಕ್ಕರೆ ತರಲೆಂದು ಉಗ್ರಾಣಕ್ಕೆ ಹೋದವನು ಮಡಕೆಯಲ್ಲಿದ್ದ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿ, ನಿಂತಲ್ಲೇ ಕುಡಿದುಬಿಟ್ಟನು. ಮರೆತು ಕುಡಿದುದಲ್ಲ, ತಿಳಿದು ಕುಡಿದದ್ದು. ಯಾರೂ ನೋಡಲಿಲ್ಲ. ಸಂಜೆ ಖರ್ಜೂರದ ಅಂಗಡಿಯ ಮುಂದಿನ ಗಲ್ಲಿಯಲ್ಲಿ, ಹಮಾಲರೂ ಅಂಗಡಿಯ ಕೆಲಸದವರೂ ಚಾದರ ಹಾಸಿ ಸಾಲಾಗಿ ಕುಳಿತಿದ್ದ ಇಫ್ತಾರಿಗೆ ಎಂದಿನಂತೆ ಹೋದನು. ಬ್ಯಾರಿಗಳು ಖರ್ಜೂರದ ತಟ್ಟೆಯನ್ನು ಮುಂದೆ ಹಿಡಿದರು. ಇವನ ಕೈ ಮುಂದೆ ಬರಲಿಲ್ಲ. "ನಾ ಕುಡದೇನ್ರೀ ಅಣ್ಣಾ" ಎಂದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಮೇಲೆ ಇದು ಕಡ್ಡಾಯವೇ ಅಲ್ಲ, ಸಾಲ ಎಲ್ಲಿಂದ ಬಂತು? ಹಸಿದಿದ್ದಿ, ತಿನ್ನು" ಎಂದರಂತೆ.

ಇದನ್ನು ನನಗೆ ಹೇಳುವಾಗ ಅವನು ಕೇಳಿದ ಪ್ರಶ್ನೆಗೆ ಈ ಎಪ್ಪತ್ತು ವರ್ಷದ ಕಾರಕೂನನ ಬಳಿ ಉತ್ತರವಿರಲಿಲ್ಲ. "ಕಾಕಾ, ಉಗ್ರಾಣದಾಗ ಯಾರೂ ಇರಲಿಲ್ಲ. ಆದರೂ ನಾಚಿಕಿ ಬಂತು. ಯಾರ ಮುಂದ ನಾಚಿಕಿ ಬಂತು ಅನ್ನೋದ ತಿಳೀವಲ್ದು ನೋಡ್ರಿ."

ಆ ಮಾತಿನ ಆಳ ನನಗೆ ಗೊತ್ತಾದದ್ದು ಮುಂದಿನ ವಾರ, ಅವನ ದಿನಚರಿಯನ್ನು ಕೇಳಿದಾಗ. ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾನೆ. ಸ್ನಾನ ಮಾಡುತ್ತಾನೆ. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟು, ತಾಯಿ ಕಲಿಸಿದಂತೆ ವಿಭೂತಿ ಧರಿಸಿ ಪೂಜೆ ಮಾಡುತ್ತಾನೆ. ಏಕೆಂದರೆ ಲಿಂಗಪೂಜೆಯಿಲ್ಲದೆ ಅನ್ನ ಮುಟ್ಟಬಾರದೆಂಬುದು ಮನೆಯ ಕಟ್ಟಳೆ. ಅನಂತರ ಎರಡು ಚಪಾತಿ ತಿಂದು, ನೀರು ಕುಡಿದು, ರೋಜಾದ ಸಂಕಲ್ಪ ಮಾಡುತ್ತಾನೆ. ಅಂಗೈಯಲ್ಲಿ ಲಿಂಗವನ್ನು ಹಿಡಿದೇ ಅಲ್ಲಾಹನ ಉಪವಾಸವನ್ನು ಆರಂಭಿಸುವ ಈ ಹುಡುಗನನ್ನು ಮೂರ್ಖನೆನ್ನುವವರು ಇರಬಹುದು. ನನಗೆ ಹಾಗೆ ತೋರಲಿಲ್ಲ. ಹಳೆಯದನ್ನು ಅಸಡ್ಡೆಯಿಂದ ಬಿಟ್ಟು ಹೋಗುವವನಲ್ಲ ಎಂಬುದಷ್ಟೇ ತೋರಿತು.

ಆದರೆ ತಾತ್ತ್ವಿಕವಾಗಿ ಅಲ್ಲಿಯೇ ತೊಡಕು. ಇಸ್ಲಾಮಿನ ಪಂಡಿತರ ಮತದಲ್ಲಿ ರೋಜಾ ಎಂಬ ಆರಾಧನೆ ಸಲ್ಲಬೇಕಾದರೆ ಮೊದಲು ಈಮಾನ್, ಎಂದರೆ ವಿಶ್ವಾಸ, ಇರತಕ್ಕದ್ದು. ಕಲಿಮಾ ಹೇಳದವನ ಉಪವಾಸ ಹಸಿವು ಮಾತ್ರ. ಇದನ್ನು ಅವನು ಎಲ್ಲಿಯೋ ಓದಿ ಕಂಗೆಟ್ಟಿದ್ದನು. "ಹಂಗಾದ್ರ ನನ್ನ ಹಸಿವು ಯಾವ ಖಾತೇಕ ಜಮಾ ಆಗತೈತ್ರಿ ಕಾಕಾ?" ಎಂದು ಕೇಳಿದನು. ಮೂವತ್ತೆರಡು ವರ್ಷ ಲೆಡ್ಜರ್ ಬರೆದವನನ್ನು ಕೇಳತಕ್ಕ ಪ್ರಶ್ನೆಯೇ ಸರಿ. ಯಾವ ಖಾತೆಗೂ ಸೇರದ ಮೊತ್ತವನ್ನು ನಾವು 'ಸಸ್ಪೆನ್ಸ್' ಎಂಬ ತಲೆಬರಹದ ಕೆಳಗೆ ಬರೆದಿಡುತ್ತಿದ್ದೆವು. ಅದು ಸುಳ್ಳು ಲೆಕ್ಕವಲ್ಲ, ತೀರ್ಮಾನವಾಗದ ಲೆಕ್ಕ. ಹಾಗೆಂದೆ. ಅವನು ನಕ್ಕನು. ಆ ತಿಂಗಳಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಷ್ಟರಲ್ಲಿ ಸುದ್ದಿ ಹರಡಿತ್ತು. ಖೋಲಿಯ ಜೊತೆಗಾರರು ಅವನ ತಟ್ಟೆಯನ್ನು ಬೇರೆ ಇಟ್ಟರು. "ಊರಿಗೆ ಫೋನ್ ಮಾಡುತ್ತೇವೆ, ತಂಗಿಯ ಮದುವೆ ಹೇಗೆ ಆಗುತ್ತದೆಯೋ ನೋಡೋಣ" ಎಂದು ಒಬ್ಬನು ಬೆದರಿಸಿದನು. ಅತ್ತ ಇಫ್ತಾರಿನ ಸಾಲಿನಲ್ಲಿಯೂ ಅವಸರದವನೊಬ್ಬನು ಸಿಕ್ಕಿದನು. ಕೊನೆಯ ಹತ್ತು ರಾತ್ರಿಗಳಿಗೆ ವಿಶೇಷ ಪುಣ್ಯವುಂಟೆಂದೂ, ಇಂದೇ ಕಲಿಮಾ ಹೇಳಿಬಿಡಬೇಕೆಂದೂ, ನಾಲ್ಕು ಜನರಿಗೆ ಪ್ರೇರಣೆಯಾಗುವಂತೆ ಅದನ್ನು ಚಿತ್ರೀಕರಿಸೋಣವೆಂದೂ ಮೊಬೈಲು ತೆಗೆದನಂತೆ. ಬ್ಯಾರಿಗಳು ಎದ್ದು ಬಂದು ಆ ಮೊಬೈಲಿನ ಮೇಲೆ ಅಂಗೈ ಅಡ್ಡ ಇಟ್ಟರು. ಮತದ ವಿಷಯದಲ್ಲಿ ಬಲಾತ್ಕಾರವಿಲ್ಲವೆಂದು ಕುರಾನಿನ ಎರಡನೆಯ ಅಧ್ಯಾಯದಲ್ಲಿಯೇ ಹೇಳಿದೆ. ಅವಸರಪಡಿಸುವುದೂ ಬಲಾತ್ಕಾರದ ಒಂದು ಬಗೆಯೆಂದು ಅವರ ತಿಳುವಳಿಕೆ. ಎರಡು ಕಡೆಯ ಅವಸರದವರ ನಡುವೆ ಈ ಹುಡುಗನು, ಮಗ್ರಿಬ್ ನಮಾಜಿಗೆ ಸಾಲು ನಿಂತಾಗ ಹಿಂದೆ ಉಳಿದು, ಖರ್ಜೂರದ ಬೀಜಗಳನ್ನೂ ಕಾಗದದ ತಟ್ಟೆಗಳನ್ನೂ ಬಳಿದು ಎತ್ತುತ್ತಿದ್ದನು. ಮಾಣಿಯ ಕೈ ಸುಮ್ಮನಿರುವುದಿಲ್ಲ.

ಇಲ್ಲಿ ಒಂದು ಹಳೆಯ ವೃತ್ತಾಂತವನ್ನು ವಾಚಕರ ಮುಂದಿಡಬೇಕು. ಏಕೆಂದರೆ ಅದನ್ನೇ ನಾನು ಅವನಿಗೂ ಹೇಳಿದೆ. ಕುರಾನನ್ನು ಇಂಗ್ಲಿಷಿಗೆ ತಂದವರಲ್ಲಿ ಪ್ರಸಿದ್ಧರಾದ ಮಾರ್ಮಡ್ಯೂಕ್ ಪಿಕ್ಥಾಲ್ ಎಂಬವರು ಪಾದ್ರಿಯ ಮಗ, ಹುಟ್ಟಿದ್ದು 1875ರಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ಸಿರಿಯಾ, ಪ್ಯಾಲೆಸ್ಟೈನುಗಳಲ್ಲಿ ಅಲೆಯುತ್ತ, ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯ ಶೇಖರ ಬಳಿ ಅರಬ್ಬಿ ಕಲಿಯುತ್ತಿದ್ದರು. ಆ ಜನರ ಜೀವನದಿಂದ ಮನಸೋತು, ತಾನೂ ಮುಸಲ್ಮಾನನಾಗುವೆನೆಂದು ಒಂದು ದಿನ ಅವರ ಮುಂದೆ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಆ ವೃದ್ಧ ಗುರುಗಳಾದರೋ ಊರಲ್ಲಿರುವ ತಾಯಿಯ ನೆನಪು ತಂದುಕೊಟ್ಟರು. ಇನ್ನಷ್ಟು ದೊಡ್ಡವನಾಗು, ಸ್ವದೇಶವನ್ನು ಮತ್ತೊಮ್ಮೆ ಕಂಡು ಯೋಚಿಸು ಎಂದರು. ತಮ್ಮ ಮಗನು ಪರಸ್ಥಳದಲ್ಲಿ ಒಂಟಿಯಾಗಿದ್ದಾಗ ಕ್ರೈಸ್ತ ಗುರುವೊಬ್ಬನು ಬೇರೆ ರೀತಿಯಾಗಿ ನಡೆದುಕೊಂಡರೆ ತಮಗೆ ಹೇಗಾದೀತೆಂಬ ಭಾವದಲ್ಲಿ ಬುದ್ಧಿ ಹೇಳಿ ಕಳುಹಿಸಿದರು. ಪಿಕ್ಥಾಲರು ಹಿಂದಿರುಗಿ ಮದುವೆಯಾದರು, ಕಾದಂಬರಿಗಳನ್ನು ಬರೆದರು. ಇಸ್ಲಾಮನ್ನು ಬಹಿರಂಗವಾಗಿ ಸ್ವೀಕರಿಸಿದ್ದು 1917ರಲ್ಲಿ. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಹೊಯ್ದಾಟದ ಮೇಲೆ.

ಈ ಪಿಕ್ಥಾಲರು ನಮಗೆ ತೀರ ದೂರದವರಲ್ಲ. 1920ರಲ್ಲಿ ಇದೇ ಮುಂಬಯಿಗೆ ಬಂದು 'ಬಾಂಬೆ ಕ್ರಾನಿಕಲ್' ಪತ್ರಿಕೆಗೆ ಸಂಪಾದಕರಾಗಿ 1924ರವರೆಗೆ ಇದ್ದವರು. ಅಸಹಕಾರ ಚಳವಳಿಯನ್ನು ಬೆಂಬಲಿಸಿದವರು. ಆಮೇಲೆ ಹೈದರಾಬಾದಿನಲ್ಲಿ ನಿಜಾಮರ ಸೇವೆಯಲ್ಲಿದ್ದು, 1930ರಲ್ಲಿ ಕುರಾನಿನ ಅನುವಾದವನ್ನು ಪ್ರಕಟಿಸಿದರು. ಈ ಎರಡೂ ಊರುಗಳಲ್ಲಿ ನಮ್ಮ ಪತ್ರಿಕೆಯ ವಾಚಕರಿದ್ದಾರೆ.

ಅವರು ಇಂಗ್ಲೆಂಡಿನಲ್ಲಿ ತೀರಿಕೊಂಡದ್ದು 1936ರ ಮೇ ತಿಂಗಳಲ್ಲಿ. ಅದೇ ತಿಂಗಳು ಮಹಾತ್ಮ ಗಾಂಧಿಯವರ ಹಿರಿಯ ಮಗ ಹರಿಲಾಲರು ಇಸ್ಲಾಮನ್ನು ಸ್ವೀಕರಿಸಿ ಅಬ್ದುಲ್ಲಾ ಎಂದು ಹೆಸರಿಟ್ಟುಕೊಂಡರು. ದೇಶವೆಲ್ಲ ಗುಲ್ಲೆದ್ದಿತು, ಸಭೆಗಳು ನಡೆದವು. ಮಗನ ಹೃದಯದಿಂದ ಬಂದ ಮತಾಂತರವಾದರೆ ತನ್ನ ತಕರಾರಿಲ್ಲ, ಆದರೆ ಹಾಗೆಂದು ನಂಬಲು ಆಧಾರ ಕಾಣುವುದಿಲ್ಲವೆಂಬ ಅರ್ಥದಲ್ಲಿ ಗಾಂಧಿಯವರು ಬರೆದರು. ತಾಯಿ ಕಸ್ತೂರಬಾ ಅವರ ಸಂಕಟ ಹೇಳತೀರದು. ವರ್ಷ ಮುಗಿಯುವುದರೊಳಗೆ ಹರಿಲಾಲರು ಆರ್ಯಸಮಾಜದ ಮೂಲಕ ಹಿಂದಿರುಗಿದರು. ಸಾಲ, ಮದ್ಯ, ತಂದೆಯ ಮೇಲಿನ ಮುನಿಸು ಇವುಗಳ ನಡುವೆ ನಲುಗಿದ ಆ ಜೀವವನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಅವರ ಸುತ್ತ ನಿಂತು ಜಯಘೋಷ ಮಾಡಿದವರಲ್ಲಿ ದಮಾಸ್ಕಸ್ಸಿನ ಶೇಖರಂಥವರು ಒಬ್ಬರೂ ಇರಲಿಲ್ಲವೆಂದೇ ತೋರುತ್ತದೆ. ಡಾ. ಅಂಬೇಡ್ಕರರು 1935ರಲ್ಲಿ ಯೇವಲಾದಲ್ಲಿ ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದ ಮೇಲೂ, ನಾಗಪುರದಲ್ಲಿ ಬೌದ್ಧದೀಕ್ಷೆ ಪಡೆಯುವವರೆಗೆ 21 ವರ್ಷ ಯೋಚಿಸಿದರು.

ಹುಡುಗನು ಇದನ್ನೆಲ್ಲ ಕೇಳಿ, "ಇಪ್ಪತ್ತ ವರ್ಷ ತಡಿಯೂದಾದ್ರ ನಡೂವ ಸತ್ರ ಏನ್ ಮಾಡೂದ್ರಿ?" ಎಂದನು. ನ್ಯಾಯವಾದ ಮಾತೇ. ಪಿಕ್ಥಾಲರು ಬದುಕಿ ಉಳಿದರೆಂಬುದು ಅವರ ಪುಣ್ಯ.

ಕಾರಕೂನ ಬುದ್ಧಿ ಸುಮ್ಮನಿರಲಾರದೆ, ಕಾಯದೆಯ ಮಾತನ್ನೂ ಹೇಳಿದೆ. ಸಂವಿಧಾನದ 25ನೆಯ ವಿಧಿಯು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿದೆ. ಲಿಂಗಾಯತರಿಗೂ 1955ರ ಹಿಂದು ವಿವಾಹ ಕಾಯದೆ, 1956ರ ಹಿಂದು ಉತ್ತರಾಧಿಕಾರ ಕಾಯದೆ ಅನ್ವಯಿಸುತ್ತವೆ. ಮತ ಬಿಟ್ಟವನಿಗೆ ಪಿತ್ರಾರ್ಜಿತ ಹಕ್ಕು ತಪ್ಪುವುದಿಲ್ಲ, 1850ರಷ್ಟು ಹಿಂದೆಯೇ ಆ ರಕ್ಷಣೆ ಬಂದಿದೆ. ಆದರೆ ಮತಾಂತರದ ಅನಂತರ ಹುಟ್ಟಿದ ಮಕ್ಕಳು, ಉತ್ತರಾಧಿಕಾರ ತೆರೆಯುವಾಗ ಹಿಂದುಗಳಾಗಿರದಿದ್ದರೆ, ಹಿಂದು ಬಂಧುಗಳ ಆಸ್ತಿಗೆ ಬಾಧ್ಯರಾಗುವುದಿಲ್ಲ. ಪರಿಶಿಷ್ಟ ಜಾತಿಯವರಾದರೆ 1950ರ ಆಜ್ಞೆಯಂತೆ ಆ ಸ್ಥಾನವೇ ಹೋಗುತ್ತದೆ. ಕೆಲವು ರಾಜ್ಯಗಳಲ್ಲಿ ಜಿಲ್ಲಾಧಿಕಾರಿಗಳಿಗೆ ಮುಂಚಿತವಾಗಿ ತಿಳಿಸಬೇಕೆಂಬ ಕಾನೂನುಗಳಿವೆ. ಇಂಥ ಪ್ರಸಂಗ ಬಂದವರು ತಮ್ಮ ರಾಜ್ಯದ ಸ್ಥಿತಿಯನ್ನು ವಕೀಲರಿಂದ ತಿಳಿದುಕೊಳ್ಳತಕ್ಕದ್ದು. ಹುಡುಗನು ಎಲ್ಲವನ್ನೂ ಕೇಳಿಕೊಂಡು, ನನ್ನ ಕಾಫಿ ಆರಿತೆಂದು ಬೇರೆ ತಂದಿಟ್ಟನು. ಅವನ ಪ್ರಶ್ನೆ ಎರಡೆಕರೆ ಹೊಲದ್ದಾಗಿರಲಿಲ್ಲ.

ಅವನ ಪ್ರಶ್ನೆ ಇನ್ನೊಂದಿತ್ತು. ಶಿಶುನಾಳ ಅವರ ತಾಲೂಕಿನಲ್ಲಿಯೇ ಇದೆ. 1819ರಿಂದ 1889ರವರೆಗೆ ಬಾಳಿದ ಶರೀಫ ಸಾಹೇಬರು ಮುಸಲ್ಮಾನರು. ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಗುರುವೂ ಮತ ಬಿಡಲಿಲ್ಲ, ಶಿಷ್ಯನೂ ಬಿಡಲಿಲ್ಲ. ಅವರ ಗದ್ದಿಗೆಗೆ ಇಂದಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಆ ಭಾಗದ ಊರುಗಳಲ್ಲಿ ಮೊಹರಮ್ಮಿನ ದೇವರನ್ನು ಹಿಂದುಗಳೇ ಹೊರುವುದುಂಟು. "ಅಲ್ಲಿ ಎರಡೂ ಕೂಡತಾವು. ಇಲ್ಲಿ ಯಾಕ ಒಂದನ್ನ ಬಿಡಬೇಕ್ರಿ?" ಎಂದು ಅವನು ಬ್ಯಾರಿಗಳನ್ನು ಕೇಳಿದ್ದನು. ಬೇರೆ ಯಾರಾದರೂ ಸಿಹಿಮಾತು ಹೇಳಿ ಸಾಗಹಾಕುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಶರೀಫರ ದಾರಿ ದೊಡ್ಡದು, ಅದನ್ನು ಅಳೆಯುವ ಯೋಗ್ಯತೆ ತಮಗಿಲ್ಲ. ಆದರೆ ತಾವು ಕಲಿತ ಕಲಿಮಾ ಒಬ್ಬನ ಹೊರತು ಆರಾಧ್ಯರಿಲ್ಲವೆಂದು ಹೇಳುತ್ತದೆ. ಅದನ್ನು ಅರ್ಧ ಹೇಳಲು ಬರುವುದಿಲ್ಲ. ಕೊರಳಲ್ಲಿರುವುದನ್ನು ಕೊರಳಲ್ಲೇ ಇಟ್ಟುಕೊಂಡು ಅದನ್ನು ಹೇಳಿದರೆ ಎರಡು ಕಡೆಗೂ ಸುಳ್ಳಾಡಿದಂತೆ. ಆದುದರಿಂದಲೇ ಅವಸರ ಬೇಡ ಎಂದರು.

ಈ ಮಾತಿನಿಂದ ಹುಡುಗನಿಗೆ ನೋವಾಯಿತು; ನನಗೆ ಮಾತ್ರ ಆ ಗೃಹಸ್ಥರ ಮೇಲಿನ ಗೌರವ ಹೆಚ್ಚಿತು. ಸರ್ವಧರ್ಮ ಒಂದೇ ಎಂದು ಭಾಷಣ ಮಾಡುವುದು ಸುಲಭ. ಉಪವಾಸವನ್ನು ಹಂಚಿಕೊಳ್ಳಬಹುದು, ಖರ್ಜೂರವನ್ನು ಹಂಚಿಕೊಳ್ಳಬಹುದು, ಜ್ವರದ ರಾತ್ರಿಯನ್ನೂ ಹಂಚಿಕೊಳ್ಳಬಹುದು. ಲಿಂಗವನ್ನು ದೇಹದಿಂದ ಅಗಲಿಸುವುದೆಂದರೆ ಏನೆಂದು ಆ ಮನೆತನದಲ್ಲಿ ಹುಟ್ಟಿದವರಿಗೇ ಗೊತ್ತು. "ನಮ್ಮ ಹಿರಿಯಾರೂ ಕಲ್ಯಾಣದಾಗ ತಮ್ಮ ತಮ್ಮ ಜಾತಿ ಬಿಟ್ಟ ಬಂದು ಲಿಂಗ ಕಟ್ಟಿಕೊಂಡವ್ರ ಅಲ್ಲೇನ್ರಿ? ಅವ್ರ ಅವ್ವಗೋಳೂ ಅತ್ತಿರಬೇಕು" ಎಂದು ಒಮ್ಮೆ ಅಂದನು. ಹನ್ನೆರಡನೆಯ ಶತಮಾನದ ಶರಣರನ್ನು ಕುರಿತು ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇನೆ. ಅವರ ತಾಯಂದಿರನ್ನು ನೆನೆದವರನ್ನು ಕಂಡದ್ದು ಅದೇ ಮೊದಲು.

ಮಾರ್ಚ್ 30, ಭಾನುವಾರ, ಯುಗಾದಿ. ಅಂದೇ ಇಪ್ಪತ್ತೊಂಬತ್ತನೆಯ ರೋಜಾ. ಧಣಿಗಳ ಊರಿನಲ್ಲಿ ಸೌರಮಾನದ ವಿಷುವೇ ಹೊಸವರ್ಷವಾದರೂ, ಘಟ್ಟದ ಮೇಲಿನ ಹುಡುಗರಿಗಾಗಿ ಅವರು ಪ್ರತಿವರ್ಷವೂ ಬೇವು ಬೆಲ್ಲ ಹಂಚುತ್ತಾರೆ. ನನ್ನನ್ನೂ ಕರೆದಿದ್ದರು. ಸಾಲಾಗಿ ನಿಂತ ಹುಡುಗರ ಅಂಗೈಗೆ ಒಂದೊಂದು ಚಿಟಿಕೆ ಹಾಕುತ್ತ ಬಂದು, ಇವನ ಮುಂದೆ ನಿಂತರು. ಎಲ್ಲರೂ ನೋಡುತ್ತಿದ್ದರು. ತಿಂದರೆ ಒಂದು ಅರ್ಥ, ತಿನ್ನದಿದ್ದರೆ ಇನ್ನೊಂದು. ಹುಡುಗಿಯ ಮಾತು ಆಡಿದ್ದ ಅದೇ ಧಣಿಗಳು ಗಲ್ಲಾದ ಮೇಲಿನ ರಸೀದಿ ಕಾಗದವನ್ನು ಹರಿದು, ಬೇವು ಬೆಲ್ಲವನ್ನು ಅದರಲ್ಲಿ ಪೊಟ್ಟಣ ಕಟ್ಟಿ, "ಇಟ್ಟುಕೋ. ಹೊತ್ತು ಮುಳುಗಿದ ಮೇಲೆ ತಿಂದರೂ ಯುಗಾದಿಯೇ" ಎಂದು ಅವನ ಕಿಸೆಗೆ ಹಾಕಿದರು.

ಆ ಸಂಜೆ ಪಶ್ಚಿಮದಲ್ಲಿ ಎಳೆಯ ಚಂದ್ರನು ಕಾಣಿಸಿಕೊಂಡನು. ಮರುದಿನ ಈದ್ ಎಂದು ಗೊತ್ತಾಯಿತು. ಯುಗಾದಿಯ ಚಂದ್ರನನ್ನು ಕಂಡು ಹಿರಿಯರಿಗೆ ನಮಸ್ಕರಿಸುವ ಪದ್ಧತಿ ನಮ್ಮಲ್ಲಿದೆ. ಎರಡೂ ಪಂಚಾಂಗಗಳು ಕಾಯುತ್ತಿದ್ದುದು ಅದೇ ಗೆರೆಯನ್ನು. ಹುಡುಗನು ಅಂದು ಖರ್ಜೂರದಿಂದಲ್ಲ, ಆ ಪೊಟ್ಟಣ ಬಿಚ್ಚಿ ಬೇವು ಬೆಲ್ಲದಿಂದ ರೋಜಾ ಬಿಟ್ಟನಂತೆ. ಬ್ಯಾರಿಗಳೂ ಒಂದು ಚಿಟಿಕೆ ಕೇಳಿ ಪಡೆದು, ಕಹಿಗೆ ಮುಖ ಕಿವುಚಿದರಂತೆ. ಆಮೇಲೆ ಊರಿಗೆ ಫೋನ್ ಮಾಡಿ ತಾಯಿಗೆ ಹಬ್ಬದ ನಮಸ್ಕಾರ ಹೇಳಿದನು. ಬೇರೇನನ್ನೂ ಹೇಳಲಿಲ್ಲ.

ಹೇಳಿದ್ದು ಮೇ ತಿಂಗಳಲ್ಲಿ, ರಜೆಯ ಮೇಲೆ ಊರಿಗೆ ಹೋದಾಗ. ಫೋನಿನಲ್ಲಿ ಹೇಳತಕ್ಕ ಮಾತಲ್ಲವೆಂದು ಎರಡು ತಿಂಗಳು ತಡೆದಿದ್ದನು. ಜ್ವರ, ಗಂಜಿಯ ಪಾತ್ರೆ, ರೋಜಾ, ಮಜ್ಜಿಗೆ, ಎಲ್ಲವನ್ನೂ ಹೇಳಿ, ಇನ್ನೂ ಏನೂ ತೀರ್ಮಾನ ಮಾಡಿಲ್ಲವೆಂದನು. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತ್ತು. ಆಮೇಲೆ ಕೇಳಿದ್ದು ಒಂದೇ ಮಾತು: "ಅಲ್ಲೀಗೆ ಹೋದ್ರ ನನ್ನ ಕೈಯಾಗಿನ ರೊಟ್ಟಿ ತಿಂತೀಯೋ ಇಲ್ಲೋ?"

"ತಿಂತೇನಿ ಯವ್ವಾ."

"ಹಂಗಾರ ಮೊದಲ ತಿನ್ನು" ಎಂದು ತಟ್ಟೆ ಮುಂದಿಟ್ಟು, ಒಳಗೆ ಹೋಗಿ ಅತ್ತರಂತೆ.

ಜೂನಿನಲ್ಲಿ ಹೋಟೆಲಿಗೆ ಹೋದಾಗ ಹುಡುಗನು ಹಿಂದಿರುಗಿದ್ದನು. ಕರಡಿಗೆ ಕೊರಳಲ್ಲಿಯೇ ಇತ್ತು. ಕುರಾನಿನ ಅನುವಾದವೂ ಖೋಲಿಯ ಗೂಡಿನಲ್ಲಿಯೇ ಇದೆಯೆಂದನು. ಮುಂದೇನೆಂದು ನಾನು ಕೇಳಲಿಲ್ಲ. ಅವನಾಗಿಯೇ ಹೇಳಿದ್ದು ಇಷ್ಟು: ಹೊರಡುವಾಗ ತಾಯಿ ಎರಡು ಗಂಟು ಕಟ್ಟಿಕೊಟ್ಟರು. ಒಂದರಲ್ಲಿ ಅವನಿಗೆ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ಇನ್ನೊಂದು ಬೇರೆ ಬಟ್ಟೆಯಲ್ಲಿ, ಗಟ್ಟಿಯಾಗಿ ಬಿಗಿದದ್ದು, ಐದು ರಾತ್ರಿ ಕುಳಿತವರಿಗೆ.